ಸಾವಕಾರರ ಸ್ಕ್ಯಾನಿಂಗ್

ಜೂನ್ 4, ಬುಧವಾರ

ಫೋನು ನಿನ್ನೆ ಮಿಷಿನ್ ತಣ್ಣಗಿಡುವ ಕೂಲೆಂಟಿನ ಬಕೆಟ್ಟಿಗೆ ಬಿತ್ತು. ತೆಗೆದು, ಒರೆಸಿ, ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ನನ್ನ ರೂಮಿನಲ್ಲಿರುವ ಯಮನೂರ ಅದೇ ಅಕ್ಕಿಯಲ್ಲಿ ಅನ್ನ ಮಾಡಿದ. ಅನ್ನಕ್ಕೆ ಮಿಷಿನ್ನಿನ ವಾಸನೆ ಬಂತು, ಫೋನಿಗೆ ಜೀವ ಬರಲಿಲ್ಲ. ಸಂಜೆ ಹೊತ್ತು ರೀಲ್ಸ್ ಇಲ್ಲದೆ ಮನುಷ್ಯ ಏನು ಮಾಡಬೇಕು? ಟೂಲ್ಸ್ ಅಂಗಡಿಯವನು ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಮೊದಲ ಪುಟದಲ್ಲಿ ಹೆಸರು ಬರೆಯಲು ಜಾಗ ಇದೆ. ರೇವಣಸಿದ್ದ ಎಂದು ಬರೆದೆ. ರಕ್ತದ ಗುಂಪು ಗೊತ್ತಿಲ್ಲ. ವಿದ್ಯಾಭ್ಯಾಸ ಕೇಳಿಲ್ಲ, ಕೇಳಿದ್ದರೆ ಹತ್ತನೇ ಪಾಸು ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೆ.

ಮೊದಲ ಸುದ್ದಿ: ಈ ತಿಂಗಳ ಕೊನೆಗೆ ಪೀಣ್ಯಕ್ಕೆ ಕೈ ಮುಗಿಯುವುದು. ಚಂದಾಪುರದಲ್ಲಿ ದೋಸ್ತನೊಬ್ಬ ಗೋಡೌನಿಗೆ ಸೇರಿಸುತ್ತೇನೆ ಅಂದಿದ್ದಾನೆ. ಮಹದೇವಪುರದಲ್ಲಿ ಸೆಕ್ಯುರಿಟಿ ಆಗಿದ್ದೆ, ಅದಕ್ಕೂ ಮೊದಲು ಊಟ ಡೆಲಿವರಿ, ಅದಕ್ಕೂ ಮೊದಲು ಏನೋ. ಎಲ್ಲೂ ನನ್ನ ಅಂಡು ನಿಂತಿಲ್ಲ.

ಈಗ ಇರುವುದು ಆವಲಪ್ಪನವರ ಶೆಡ್ಡು. ಒಂದು ಲೇತು, ಎರಡು ಡ್ರಿಲ್ಲಿಂಗ್ ಮಿಷಿನ್ನು, ಒಂದು ಕಂಪ್ರೆಸರು, ಒಂದು ಕಕ್ಕಸು. ಡ್ರಿಲ್ಲಿಂಗ್ ನನಗೆ, ಲೇತು ಸೋಮಪ್ಪನಿಗೆ, ಕಕ್ಕಸು ಪೂರ್ತಿ ಆವಲಪ್ಪನವರಿಗೆ. ಫ್ಯಾಕ್ಟರಿಗಳು ಬರುವ ಮೊದಲು ಇದೇ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ. ನಾನು ಅವರನ್ನು ಸಾವಕಾರ್ರೇ ಅನ್ನುತ್ತೇನೆ, ನಮ್ಮ ಇಂಡಿ ಕಡೆಯ ರೂಢಿ. "ಸಾವ್ಕಾರ ಅಂತೆ ಸಾವ್ಕಾರ. ಕರೆಂಟ್ ಬಿಲ್ ಬರೋ ದಿನ ಕೂಗ್ಲಾ ಅಂಗೆ" ಎಂದು ಬೈಯುತ್ತಾರೆ.

ಇವತ್ತು ಕಕ್ಕಸಿಗೆ ಹೋದವರು ಬರಲೇ ಇಲ್ಲ. ನಾನು ಪೈಪಿಗೆ ಜೋಡಿಸುವ ಒಂದು ಫ್ಲ್ಯಾಂಜ್ ಬಿಲ್ಲೆಯ ಎಲ್ಲ ತೂತು ಹಾಕಿ ಮುಗಿಸಿದೆ. ಸೋಮಪ್ಪ ಲೇತ್ ನಿಲ್ಲಿಸಿ, ತಗಡಿನ ಬಾಗಿಲಿನ ಕಡೆ ಬಾಯಿ ಮಾಡಿ ಕೂಗಿದ:

"ಯಜಮಾನ್ರೇ, ಮೋಟ್ರು ಓಡ್ತಾ ಐತೆ, ನೀರ್ ಬತ್ತಿಲ್ವಾ?"

"ನಿಮ್ಮಪ್ಪನ್ ತಲೆ ಮೇಲೆ ಬತ್ತೈತೆ, ಬಾ" ಎಂದು ಒಳಗಿನಿಂದ ಉತ್ತರ ಬಂತು.

ನಾವಿಬ್ಬರೂ ನಕ್ಕೆವು. ಒಳಗಿದ್ದವರು ನಗಲಿಲ್ಲ.

ಜೂನ್ 9, ಸೋಮವಾರ

"ರೇವಣ, ಗಾಡಿ ತೆಗಿ. ಬ್ಯಾಂಕ್‌ಗೆ ಓಗ್ಬೇಕು" ಅಂದರು ಸಾವಕಾರರು. ಹಿಂದೆ ಕೂತು ಸೀಟಿನ ಕಂಬಿ ಹಿಡಿದುಕೊಂಡರು. ಬ್ಯಾಂಕು ಬಂತು. ಬ್ಯಾಂಕು ಹೋಯಿತು.

"ಬ್ಯಾಂಕ್ ಹಿಂದ ಉಳೀತ್ರಿ."

"ಮುಚ್ಕೊಂಡು ಓಡ್ಸು."

ನಿಲ್ಲಿಸಿದ್ದು ಒಂದು ದೊಡ್ಡ ಆಸ್ಪತ್ರೆಯ ಮುಂದೆ. ಒಳಗೆ ಮೂತ್ರರೋಗ ವಿಭಾಗ ಎಂದು ಬೋರ್ಡು. ಸುತ್ತ ಕೂತಿದ್ದ ಗಂಡಸರೆಲ್ಲ ನೆಲ ನೋಡುತ್ತಿದ್ದರು, ಹತ್ತನೇ ಕ್ಲಾಸಿನ ರಿಸಲ್ಟ್ ದಿನ ನಾವು ಕೂತಿದ್ದ ಹಾಗೆ.

"ಬಾಯ್ ಬಿಟ್ಟೆ ಅಂದ್ರೆ ನಿನ್ ಕಾಲ್ ತಗೊಂಡು ಡ್ರಿಲ್ಲಿಂಗ್ ಮಿಷಿನ್ ಅಡೀಕೆ ಇಡ್ತೀನಿ" ಅಂದರು.

"ಸೋಮಪ್ಪಣ್ಣನ್ನ ಕರ್ಕೊಂಡ್ ಬರಬೇಕಿತ್ರಿ. ಹಳೇ ಮನುಷ್ಯಾ."

"ಅವ್ನು ಇಲ್ಲೇ ಇರೋನು ಕಣ್ಲಾ. ನೀನು ತಿಂಗ್ಳಾದ್ರೆ ಗಂಟು ಕಟ್ಟೋನು. ನಿನ್ ಜೊತೆ ಇದೂ ಓಯ್ತದೆ."

ನಾನು ಬಿಡುವ ವಿಷಯ ಯಮನೂರನಿಗೆ ಮಾತ್ರ ಹೇಳಿದ್ದೆ. ಅವನಿಗೆ ಹೇಳುವ ಬದಲು ಮೈಕ್ ಕಟ್ಟಿದ ಆಟೋಗೆ ಹೇಳಬಹುದಿತ್ತು.

ಡಾಕ್ಟರ ಹೆಸರು ಭುವನೇಶ್ವರಿ. ಬಾಗಿಲ ಮೇಲೆ ಹೆಸರು ಓದಿ ಹೇಳಿದೆ. ಸಾವಕಾರರು ಎದ್ದು ನಿಂತರು. "ಹೆಂಗ್ಸಾ?" ಅಂದವರು ಮೆಟ್ಟಿಲ ಕಡೆ ತಿರುಗಿದರು. ಅಷ್ಟರಲ್ಲಿ ನರ್ಸು ಹೆಸರು ಕೂಗಿದ್ದರಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ. ಒಳಗೆ ಹೋದವರು ಹೊರಗೆ ಬರುವಾಗ ಮುಳ್ಳಿನ ಮೇಲೆ ನಡೆಯುವ ಹಾಗೆ ನಡೆದು ಬಂದರು.

"ಏನಾತ್ರಿ?"

"ಕೈಗೆ ಗ್ಲೌಸ್ ಆಕ್ಕೊಂಡ್ರು..." ಎಂದು ನಿಲ್ಲಿಸಿದರು. ಪಾರ್ಕಿಂಗಿಗೆ ಬಂದ ಮೇಲೆ ಮಿಕ್ಕದ್ದು ಹೇಳಿದರು. "ನಾನ್ ಚಿಕ್ಕೋನಾಗಿದ್ದಾಗ ನಮ್ಮವ್ವ ತೊಳೆದ್ಮೇಲೆ ಆ ಜಾಗ ಇನ್ನೊಬ್ರು ಮುಟ್ಟಿರ್ನಿಲ್ಲ ಕಣ್ಲಾ."

ನನಗೆ ನಗು ಬಂದು ಗಾಡಿಯ ಕಿಕ್ ತಪ್ಪಿತು. ತಲೆಗೆ ಒಂದು ಬಿತ್ತು.

ಜೂನ್ 14, ಶನಿವಾರ

ರಕ್ತದ ರಿಪೋರ್ಟು ಬಂದಿದೆ. ಇವತ್ತು ನನ್ನನ್ನೂ ಒಳಗೆ ಕರೆದರು, ಸಾವಕಾರರಿಗೆ ಹೇಳಿದ್ದು ತಲೆಗೆ ಹೋಗುತ್ತಿಲ್ಲ ಎಂದು ಡಾಕ್ಟರಿಗೆ ಗೊತ್ತಾಗಿರಬೇಕು.

"ನೀನ್ಯಾರಪ್ಪ?"

"ಇವರ ಶೆಡ್ಡಿನ್ಯಾಗ ಕೆಲಸ ಮಾಡ್ತೀನ್ರಿ."

"ಯಾವ ಕಡೀಂವ?"

"ಇಂಡಿ ಕಡೀ ರಿ."

"ನಾ ಬಾಗಲಕೋಟಿ. ಬಾ, ಕೂಡು."

ಸಾವಕಾರರು ಇಬ್ಬರ ಮುಖ ನೋಡಿ, ತಮ್ಮನ್ನು ಬೇರೆ ರಾಜ್ಯಕ್ಕೆ ಮಾರಿದರೇನೋ ಎಂಬಂತೆ ಕೂತರು. ಡಾಕ್ಟರು ಅವರಿಗಾಗಿ ಬೆಂಗಳೂರು ಕನ್ನಡಕ್ಕೆ ತಿರುಗಿದರು. ಮೂತ್ರಚೀಲದ ಕೆಳಗೆ ಪ್ರೊಸ್ಟೇಟ್ ಅಂತ ಒಂದು ಗ್ರಂಥಿ ಇದೆಯಂತೆ. ಗಂಡಸರಿಗೆ ಮಾತ್ರ. ಇಷ್ಟು ವರ್ಷ ಅದು ನನ್ನೊಳಗೂ ಇತ್ತು, ಒಂದು ದಿನವೂ ಪರಿಚಯ ಮಾಡಿಕೊಂಡಿಲ್ಲ. ಸಾವಕಾರರ ರಕ್ತದಲ್ಲಿ ಅದರ ಲೆಕ್ಕ ಜಾಸ್ತಿ ಬಂದಿದೆ.

"ವಯಸ್ಸಿಗೆ ಊದ್ಕೊಂಡಿರಬಹುದು, ಸೋಂಕಿರಬಹುದು, ಕ್ಯಾನ್ಸರ್ ಕೂಡ ಇರಬಹುದು. ಸೂಜಿಯಲ್ಲಿ ಚೂರು ತೆಗೆದು ನೋಡಿದ್ರೇ ಗೊತ್ತಾಗೋದು. ಅದಕ್ಕೆ ಮೊದಲು ಎಂಆರ್‌ಐ ಸ್ಕ್ಯಾನ್ ಮಾಡಿಸೋಣ."

"ಸ್ಕ್ಯಾನ್ ಎಲ್ಲ ಯಾಕಮ್ಮ? ಸೀದಾ ಸೂಜಿ ಆಕ್ಬುಡಿ."

"ಎಲ್ಲಿಗೆ ಹಾಕ್ಲಿ ಆವಲಪ್ಪನವರೇ? ಸ್ಕ್ಯಾನ್ ಮಧ್ಯೆ ಕೈಗೆ ಒಂದು ಔಷಧಿ ಕೊಡ್ತೀವಿ. ಅನುಮಾನದ ಜಾಗಕ್ಕೆ ರಕ್ತ ಬೇಗ ನುಗ್ಗೋದ್ರಿಂದ ಅದು ಬೇರೆ ಕಡೆಗಿಂತ ಮೊದಲು ಹೊಳೆಯುತ್ತೆ. ಆಗ ಗುರಿ ಇಟ್ಟು ಹಾಕಬಹುದು. ಇಲ್ಲಾಂದ್ರೆ ಅಂದಾಜಿನ ಮೇಲೆ ಚುಚ್ಚಬೇಕು, ಇರೋ ಜಾಗ ತಪ್ಪಿದ್ರೂ ತಪ್ಪಬಹುದು."

ಸಾವಕಾರರು ತಲೆ ಅಲ್ಲಾಡಿಸುತ್ತಲೇ ಇದ್ದರು. ನನಗೆ ತಡೆಯಲಾಗಲಿಲ್ಲ. "ಸಾವ್ಕಾರ್ರ, ಮೊದಲ ಪಂಚ್ ಹೊಡದು ಗುರ್ತು ಮಾಡ್ಲಾರ್ದ ಡ್ರಿಲ್ ಇಟ್ರ ಬಿಟ್ ಜಾರ್ತದ ಅಂತ ನನ್ನ ಕಪಾಳಕ್ಕ ಹೊಡದಿದ್ರಿ. ಮರ್ತೀರೇನು? ಇದು ಪಂಚ್ ಹೊಡಿಯೂದ್ರಿ."

ನನ್ನನ್ನು ಸುಡುವ ಹಾಗೆ ನೋಡಿದರು. ಆಮೇಲೆ ಡಾಕ್ಟರಿಗೆ "ಆಗ್ಲಿ ಬುಡಿ" ಅಂದರು. ಆ ಔಷಧಿಯನ್ನು ಕಿಡ್ನಿ ತಡೆದುಕೊಳ್ಳುತ್ತದೋ ಇಲ್ಲವೋ ನೋಡಲು ಡಾಕ್ಟರು ಇನ್ನೊಂದು ರಕ್ತ ಪರೀಕ್ಷೆ ಬರೆದರು.

ಜೂನ್ 18, ಬುಧವಾರ

ಇವತ್ತಿನದನ್ನು ಫೋನಿದ್ದರೆ ವಿಡಿಯೋ ಮಾಡುತ್ತಿದ್ದೆ.

ಸ್ಕ್ಯಾನಿಂಗ್ ರೂಮಿನ ಹುಡುಗಿಯ ಹೆಸರು ರಾಣಿ. ನನ್ನ ವಯಸ್ಸಿನವಳು, ದನಿ ಮಾತ್ರ ಹೆಡ್‌ಮಾಸ್ತರದು. ಒಳಗಿರುವುದು ದೊಡ್ಡ ಅಯಸ್ಕಾಂತ, ಮೈಮೇಲೆ ಲೋಹದ ವಸ್ತು ಏನಿದ್ದರೂ ತೆಗೆಯಬೇಕು ಎಂದಳು. ಸಾವಕಾರರು ವಾಚು, ಉಂಗುರ, ಬೀಗದ ಕೈ ಗೊಂಚಲು, ಅಡಿಕೆ ಕತ್ತರಿ, ಚಡ್ಡಿಯ ಜೇಬಿನಿಂದ ಎರಡು ನಟ್ಟು ತೆಗೆದು ನನ್ನ ಕೈಗೆ ಹಾಕಿದರು. ಆಸ್ಪತ್ರೆಯ ಹಸಿರು ಗೌನು ತೊಟ್ಟು ಬಂದರು.

"ಇನ್ನೇನಾದ್ರೂ ಇದೆಯಾ ಅಂಕಲ್? ಆಪರೇಷನ್ ಮಾಡಿ ರಾಡು, ಪ್ಲೇಟು ಹಾಕಿದ್ದಾರಾ?"

"ಏನೂ ಇಲ್ಲ ಕಣಮ್ಮ."

ರಾಣಿ ಕೈಯಲ್ಲಿದ್ದ ಕೋಲನ್ನು ಮೈಮೇಲೆ ಆಡಿಸಿದಳು. ಸೊಂಟದ ಹತ್ತಿರ ಕುಂಯ್ ಅಂದಿತು. ಇನ್ನೊಂದು ಸಲ ಆಡಿಸಿದಳು. ಕುಂಯ್.

"ಏನಿದೆ ಇಲ್ಲಿ?"

"ಅದು ನಾನೇ ಕಣಮ್ಮ."

ಗೌನು ಎತ್ತಿ ನೋಡಿದರೆ ಬೆಳ್ಳಿ ಉಡುದಾರ. ನನ್ನ ಕಿರುಬೆರಳಿನ ದಪ್ಪ, ಹೊಟ್ಟೆಯಲ್ಲಿ ಹೂತುಹೋಗಿತ್ತು. ಸಾವಕಾರರು ಸುಳ್ಳು ಹೇಳಿರಲಿಲ್ಲ. ಗಂಡಸಿನ ಸೊಂಟದಲ್ಲಿ ಉಡುದಾರ ಇದೆಯೇ ಎಂದು ಕೇಳುವುದು ಮುಖದಲ್ಲಿ ಮೂಗಿದೆಯೇ ಎಂದು ಕೇಳಿದ ಹಾಗೆ. ನನಗೂ ಹೊಳೆದಿರಲಿಲ್ಲ, ನನ್ನ ಸೊಂಟದಲ್ಲೂ ಕರಿ ದಾರ ಇದೆ.

"ಇದನ್ನ ಬಿಚ್ಚಿ. ನಮಗೆ ಚಿತ್ರ ಬೇಕಾಗಿರೋದೇ ಈ ಜಾಗದ್ದು. ಬೆಳ್ಳಿ ಇದ್ರೆ ಚಿತ್ರ ಕೆಡುತ್ತೆ, ಮೈ ಸುಟ್ಟರೂ ಸುಡಬಹುದು."

"ಬಿಚ್ಚಾಕಾಗಲ್ಲ. ಕೊಂಡಿ ಸವೆದೋಗಿ ಆಚಾರಿ ಬೆಸುಗೆ ಆಕವ್ನೆ."

"ಹಾಗಾದ್ರೆ ಕಟ್ ಮಾಡಿಸ್ಕೊಂಡು ಬನ್ನಿ."

ಸಾವಕಾರರ ಮುಖ ಕೆಂಪಾಯಿತು. "ಏನಂದೆ? ಉಡುದಾರ ಕತ್ತರ್ಸೋದು ಯಾವಾಗ ಗೊತ್ತೇನಮ್ಮ ನಿಂಗೆ? ಎಣಕ್ಕೆ ನೀರಾಕಿ, ನಾಕ್ ಜನ ಎಗಲಿಗೆತ್ತೋ ಮುಂಚೆ. ನಾನಿನ್ನೂ ಉಸುರಾಡ್ತಾ ಇವ್ನಿ."

ಗೌನಿನ ಮೇಲೇ ಅಂಗಿ ಏರಿಸಿ, ಪ್ಯಾಂಟು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು. ಲಿಫ್ಟಿನವರೆಗೂ ರಾಣಿ ಓಡಿಬಂದಳು. "ಅಂಕಲ್, ಗೌನ್! ಗೌನ್ ನಮ್ದು!"

ಜೂನ್ 20, ಶುಕ್ರವಾರ

ಸಾವಕಾರರು ಮಾತಾಡುತ್ತಿಲ್ಲ. ಸಿಟ್ಟಿಗೆ ನನ್ನನ್ನು ಫ್ಲ್ಯಾಂಜ್ ಅಂಚು ಉಜ್ಜಲು ಹಾಕಿದ್ದಾರೆ. ಬೇಡವೆಂದರೆ ಬಿಡಲಿ. ಅವರ ಉಚ್ಚೆ, ಅವರ ಉಡುದಾರ. ನನಗೇನು, ತಿಂಗಳ ಕೊನೆ ಬಂತು.

ಕಕ್ಕಸಿನಿಂದ ಬರುವಾಗ ಗೋಡೆ ಹಿಡಿದುಕೊಂಡು ಬಂದರು.

ಜೂನ್ 23, ಸೋಮವಾರ

ರಾಮಕ್ಕ ಬಂದಿದ್ದರು, ಸಾವಕಾರರ ಹೆಂಡತಿ. ಸಾವಕಾರರು ಮಾಲು ತರಲು, ಸೋಮಪ್ಪ ಟೀಗೆ ಹೋಗಿದ್ದ ಹೊತ್ತು ನೋಡಿಕೊಂಡೇ ಬಂದಿರಬೇಕು. ಬುತ್ತಿ ಚೀಲ ಮಿಷಿನ್ ಮೇಲೆ ಕುಕ್ಕಿ, ನನ್ನೆದುರು ನಿಂತರು.

"ಯಾರೋ ಅವ್ಳು ಭುವನೇಶ್ವರಿ?"

ನನ್ನ ಕೈಯಲ್ಲಿದ್ದ ಅರ ಕೆಳಗೆ ಬಿತ್ತು.

"ಬೆಳಿಗ್ಗೆ ಪೋನ್ ಬಂದೈತೆ. ಭುವನೇಶ್ವರಿ ಮೇಡಂ ಬರಕ್ಕೇಳವ್ರೆ, ಯಾಕ್ ಬಂದಿಲ್ಲ ಅಂತ ಇನ್ಯಾವೋಳೋ ಕೇಳ್ತಾಳೆ. ಈ ವಯಸ್ನಲ್ಲಿ ಈ ಮನ್ಸಂಗೆ ಮೇಡಂ ಬೇಕಾ? ಅದ್ಕೆ ನೀನು ಗಾಡಿ ಓಡ್ಸೋನು. ಏಳ್ತೀಯೋ, ಈ ಸ್ಪ್ಯಾನರ್ ತಗೊಂಡು ಬಿಡ್ಲೋ?"

ಡ್ರಿಲ್ಲಿಂಗ್ ಮಿಷಿನ್ನಿಗೆ ಕಾಲು ಇಡಿಸಿಕೊಳ್ಳುವುದು ಆಮೇಲಿನ ಮಾತು, ಸ್ಪ್ಯಾನರು ಈಗಿನದು. ಎಲ್ಲ ಹೇಳಿಬಿಟ್ಟೆ.

ರಾಮಕ್ಕ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತರು. ಆಮೇಲೆ ಕೇಳಿದರು, "ಆ ಡಾಕ್ಟ್ರಮ್ಮ ಎಂಗ್ ಪರೀಕ್ಷೆ ಮಾಡಿದ್ಲು ಅಂದೆ?"

ಮತ್ತೊಮ್ಮೆ ಹೇಳಿದೆ. ರಾಮಕ್ಕನಿಗೆ ನಗು ಬಂತು. ನಕ್ಕರು, ನಕ್ಕರು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಒರೆಸುವುದು ನಿಲ್ಲಲಿಲ್ಲ. ಆಗ ಅದು ನಗು ಅಲ್ಲ ಎಂದು ಗೊತ್ತಾಯಿತು. ನಾನು ಆ ಕಡೆ ತಿರುಗಿ ಸುಮ್ಮನೆ ಮಿಷಿನ್ ಒರೆಸಿದೆ.

"ಉಡುದಾರಕ್ಕಂತಾ ಎದ್ದು ಬಂದ್ರಾ?"

"ಹೌದ್ರಿ. ಅದನ್ನ ಕತ್ತರಸಾಕ ಒಲ್ಲೆ ಅಂತಾರ್ರಿ."

"ದಾರದ್ದಾದ್ರೆ ಏನ್ ಮಾಡ್ತೀವಿ? ಹೊಸದು ಕಟ್ಟಿ ಆಮೇಲೆ ಹಳೇದು ತೆಗಿಯಲ್ವಾ? ಒಂದ್ ಗಳಿಗೆನೂ ಬರೀ ಸೊಂಟ ಇರಲ್ಲ. ಇದು ಅವ್ರಿಗೆ ಗೊತ್ತಿಲ್ವಾ? ಗೊತ್ತೈತೆ ಕಣೋ. ಅವ್ರಿಗೆ ಭಯ ಇರೋದು ಉಡುದಾರ ಓಯ್ತದೆ ಅಂತಲ್ಲ. ಆ ಮಿಷಿನ್ ಏನ್ ಏಳ್ತದೋ ಅಂತ."

ಹೋಗುವಾಗ ಬುತ್ತಿ ಚೀಲದಿಂದ ಒಂದು ಡಬ್ಬಿ ತೆಗೆದು ನನಗೆ ಕೊಟ್ಟರು. "ತಿನ್ನು. ಅವ್ರಿಗೆ ಇವತ್ತು ಮುದ್ದೆ ಸಾಕು, ಕೋಳಿ ಬೇಡ."

ಜೂನ್ 29, ಭಾನುವಾರ

ರಜೆ. ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿಕೊಂಡು ಸಾವಕಾರರು, ರಾಮಕ್ಕ, ನಾನು ಮೂವರೇ ಇದ್ದೆವು. ವಾರವೆಲ್ಲ ಮನೆಯಲ್ಲಿ ಏನು ನಡೆಯಿತೋ ಗೊತ್ತಿಲ್ಲ, ಸಾವಕಾರರು ಬೈಯುತ್ತಲೇ ಬಂದರು, ಆದರೆ ಬಂದರು. ಆಚಾರಿ ಹತ್ತಿರ ಹೋಗೋಣ ಎಂದದ್ದಕ್ಕೆ ರಾಮಕ್ಕ ಒಪ್ಪಲಿಲ್ಲವಂತೆ, ಅವನ ಅಂಗಡಿಯಲ್ಲಿ ಕತ್ತರಿಸಿದರೆ ಸಂಜೆಯೊಳಗೆ ಅವರ ಮನೆಯಿರುವ ಬಾಗಲಗುಂಟೆಗೆಲ್ಲ ಸುದ್ದಿ.

ಸಾವಕಾರರು ವರ್ಕ್ ಟೇಬಲ್ಲಿಗೆ ಒರಗಿ, ಅಂಗಿ ಎತ್ತಿ ನಿಂತರು. ರಾಮಕ್ಕ ಮೊದಲು ಕರಿ ನೂಲಿನ ಉಡುದಾರ ಕಟ್ಟಿದರು. ಗಂಟು ಬಿಗಿ ಮಾಡುತ್ತಾ "ಹೊಟ್ಟೆ ಒಳಗೆ ಎಳ್ಕೊಳ್ರಿ" ಅಂದರು.

"ಎಳ್ಕೊಂಡೇ ಇವ್ನಿ."

"ಇದಾ ಎಳ್ಕೊಂಡಿರೋದು?"

ಆಮೇಲೆ ನನ್ನ ಸರದಿ. ಬೆಳ್ಳಿಗೂ ಚರ್ಮಕ್ಕೂ ನಡುವೆ ಒಂದು ತೆಳ್ಳನೆಯ ತಗಡು ತೂರಿಸಿದೆ, ಕಟಿಂಗ್ ಪ್ಲೇಯರ್ ಜಾರಿದರೆ ಗಾಯ ಆಗಬಾರದು. ಪ್ಲೇಯರ್ ಇಟ್ಟೆ. ಮತ್ತೆ ತೆಗೆದು, ಅಂಗೈ ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಇಟ್ಟೆ.

"ಏನ್ಲಾ, ಒಂದ್ ಸರ ಕತ್ತರ್ಸಕ್ ಬರ್ದಿರೋನು ಡ್ರಿಲ್ಲಿಂಗ್ ಆಪರೇಟ್ರಾ?" ಅಂದರು. ದನಿಯಲ್ಲಿ ಜೋರಿರಲಿಲ್ಲ. "ಗಂಡ್ಮಕ್ಕಳು ಮಾಡೋ ಕೆಲ್ಸ ಇದು. ನಂಗಿರೋವು ಎರಡೂ ಎಣ್ಣು. ನಿನ್ ಕೈಲಿ ಮಾಡಿಸ್ಕೊಳೋ ಗಾಚಾರ ನಂದು. ಊಂ, ಒತ್ತು."

ನಾನು ಇದಕ್ಕೆ ಮೊದಲು ಒಂದೇ ಸಲ ಉಡುದಾರ ಕತ್ತರಿಸಿದ್ದೇನೆ. ಅಪ್ಪನದು. ಹತ್ತನೇ ಪರೀಕ್ಷೆ ಮುಗಿದಿತ್ತು, ಕಾಕಾ ನನ್ನ ಕೈ ಹಿಡಿದು ಬ್ಲೇಡು ಆಡಿಸಿದ್ದ. ಆವತ್ತು ಬೆರಳಿಗೆ ತಗುಲಿದ ಹೊಟ್ಟೆ ಅಲ್ಲಾಡಲಿಲ್ಲ. ಈ ಹೊಟ್ಟೆ ಮೇಲೆ ಕೆಳಗೆ ಏಳುತ್ತಿತ್ತು, ಬಿಸಿಯಾಗಿತ್ತು, ಗುಡುಗುಡು ಅನ್ನುತ್ತಿತ್ತು. ಒತ್ತಿದೆ. ಟಕ್ ಅಂತು.

ಬೆಳ್ಳಿ ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಗಾಲಿ ಹೋದ ಗುರುತಿನ ಹಾಗೆ ಇತ್ತು. ಸಾವಕಾರರು ಅಲ್ಲಿ ತುರಿಸಿಕೊಂಡರು. ತುಂಬ ಹೊತ್ತು ತುರಿಸಿಕೊಂಡರು. "ಅಬ್ಬಬ್ಬಾ, ಏಸು ವರ್ಷದ ಕಡಿತ ಇದು" ಅಂದರು.

ನಾಳೆ ತಿಂಗಳ ಕೊನೆ. ಸ್ಕ್ಯಾನಿಂಗ್ ಒಂದು ಮುಗಿಸಿ ಬರುತ್ತೇನೆ ಎಂದು ಯಮನೂರನ ಫೋನಿನಿಂದ ಚಂದಾಪುರಕ್ಕೆ ಹೇಳಿದೆ.

ಜುಲೈ 2, ಬುಧವಾರ

ರಾಣಿ ಮೊದಲು ಗೌನು ಲೆಕ್ಕ ಹಾಕಿಕೊಂಡಳು, ಆಮೇಲೆ ಸೊಂಟಕ್ಕೆ ಕೋಲು ಹಿಡಿದಳು. ಸದ್ದಿಲ್ಲ. "ಗುಡ್ ಅಂಕಲ್" ಅಂದಳು. ಕೈಗೆ ಸೂಜಿ ಸಿಕ್ಕಿಸಿ, ಪೈಪು ಜೋಡಿಸಿ ಒಳಗೆ ಕರೆದುಕೊಂಡು ಹೋದಳು. ಭಯವಾದರೆ ಒತ್ತಲು ರಬ್ಬರಿನ ಒಂದು ಉಂಡೆಯನ್ನೂ ಕೈಗೆ ಕೊಟ್ಟಳಂತೆ.

ನಾನೂ ರಾಮಕ್ಕನೂ ಹೊರಗೆ ಕೂತೆವು. ಬಾಗಿಲು ಹಾಕಿದ್ದರೂ ಸದ್ದು ಕೇಳುತ್ತಿತ್ತು. ಟಕಟಕಟಕ, ಆಮೇಲೆ ಗರ್ರ್, ಆಮೇಲೆ ದಬದಬ. ಪಕ್ಕದಲ್ಲಿದ್ದ ಒಬ್ಬ ಹೆಂಗಸು ಕಿವಿ ಮುಚ್ಚಿಕೊಂಡು ದೇವರ ಹೆಸರು ಹೇಳುತ್ತಿದ್ದಳು. ರಾಮಕ್ಕ ನನ್ನ ತೋಳು ಹಿಡಿದುಕೊಂಡಿದ್ದರು, ಉಗುರು ನಾಟಿತ್ತು.

"ಆ ಔಷಧಿ ರಕ್ತಕ್ಕೋದ್ರೆ ಮೈ ಬಣ್ಣ ಬದಲಾಯ್ತದೇನೋ?"

"ಇಲ್ರಿ. ಫೋಟೋದಾಗ ಅಷ್ಟ ಕಾಣ್ತದ."

"ಬದಲಾದ್ರೂ ಪರ್ವಾಗಿಲ್ಲ ಬಿಡು. ಈ ಬಣ್ಣ ನೋಡಿ ನೋಡಿ ಸಾಕಾಗೈತೆ."

ಬಾಗಿಲು ತೆಗೆದಾಗ ಸಾವಕಾರರು ಆಕಳಿಸುತ್ತಾ ಬಂದರು. ಒಳಗೆ ಗೊರಕೆ ಹೊಡೆದರಂತೆ. ಅಲ್ಲಾಡಬೇಡಿ ಎಂದು ರಾಣಿ ಮೈಕಿನಲ್ಲಿ ಎರಡು ಸಲ ಬೈದಳಂತೆ.

"ಭಯ ಆಗಲಿಲ್ಲೇನ್ರಿ?"

"ಭಯ ಯಾಕ್ಲಾ? ತಗಡು ಒತ್ತೋ ಪ್ರೆಸ್ ಶಾಪ್ ಇದ್ದಂಗೈತೆ. ಮಲ್ಗಕ್ಕೆ ಜಾಗ ಕೊಟ್ಟವ್ರೆ, ಅಷ್ಟೇ ವ್ಯತ್ಯಾಸ. ಔಷಧಿ ಬುಟ್ಟಾಗ ಮಾತ್ರ ಕೈಯೆಲ್ಲಾ ತಣ್ಣಗಾಯ್ತು." ಸ್ವಲ್ಪ ನಡೆದು, ನಿಂತರು. "ಆಗ ಒಂಚೂರು ಆಯ್ತು."

ಜುಲೈ 4, ಶುಕ್ರವಾರ

ಡಾಕ್ಟರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಕಪ್ಪು ಬಿಳುಪು. ಸಾವಕಾರರನ್ನು ಅಡ್ಡಕ್ಕೆ ಕೊಯ್ದ ಹಾಗೆ ಇತ್ತು. ಅದರ ನಡುವೆ ಅಡಿಕೆಗಿಂತ ದೊಡ್ಡದಾಗಿ ಆ ಗ್ರಂಥಿ, ಅದರ ಎಡ ಅಂಚಿನಲ್ಲಿ ಒಂದು ಚುಕ್ಕೆ. ಔಷಧಿ ಹೋದ ಕೂಡಲೇ ಮೊದಲು ಹೊಳೆದದ್ದು ಅದೇ.

"ಅನುಮಾನಕ್ಕೆ ನಾವು ಒಂದರಿಂದ ಐದು ಅಂಕ ಕೊಡ್ತೀವಿ. ಇದಕ್ಕೆ ನಾಲ್ಕು."

"ಪಾಸಾ, ಫೇಲಾ?" ಕೇಳಿದರು ಸಾವಕಾರರು.

"ಇಲ್ಲಿ ಕಡಿಮೆ ಬಂದವರು ಪಾಸು" ಅಂದರು ಡಾಕ್ಟರು. "ಆದ್ರೆ ಇದು ಅನುಮಾನ ಅಷ್ಟೇ. ಮುಂದಿನ ವಾರ ಸೂಜಿ ಹಾಕೋಣ. ಎಲ್ಲಿಗೆ ಅಂತ ಈಗ ಗೊತ್ತಿದೆ."

ನಾನು ಆ ಚುಕ್ಕೆಯನ್ನೇ ನೋಡುತ್ತಿದ್ದೆ. ಎಷ್ಟು ಚಿಕ್ಕದು. ಅದರ ಪಕ್ಕದಲ್ಲಿ ಅಷ್ಟು ದೊಡ್ಡ ಮನುಷ್ಯ ಕೂತಿದ್ದ.

ಜುಲೈ 8, ಮಂಗಳವಾರ

ಸೂಜಿ ಆಯಿತು. ಸಂಜೆ ಕೆಂಪು ಉಚ್ಚೆ ಬಂತಂತೆ, ಒಂದೆರಡು ದಿನ ಹಾಗೇ ಇರುತ್ತದೆ ಎಂದು ಹೇಳಿ ಕಳಿಸಿದ್ದರು. ಹೇಳಿದ್ದರೂ ಸಾವಕಾರರು ಮನೆಯಿಂದ ಶೆಡ್ಡಿಗೆ ಫೋನು ಮಾಡಿಸಿ ನನ್ನನ್ನು ಕರೆಸಿದರು. ಹೋಗಿ ನೋಡಿದೆ. ಕೆಂಪಗೇ ಇತ್ತು. ನಾನು ನೋಡಿದ್ದರಿಂದ ಏನಾಯಿತೋ, ಆಮೇಲೆ ಮಲಗಿದರು.

ಚಂದಾಪುರದ ಜಾಗಕ್ಕೆ ಬೇರೆಯವನನ್ನು ಹಾಕಿಕೊಂಡರಂತೆ. ಹಾಕಿಕೊಳ್ಳಲಿ.

ಜುಲೈ 11, ಶುಕ್ರವಾರ

ರಿಪೋರ್ಟು ಬಂದಿಲ್ಲ. ಒಂದು ಫ್ಲ್ಯಾಂಜಿನಲ್ಲಿ ತೂತು ತಪ್ಪು ಜಾಗಕ್ಕೆ ಹಾಕಿದೆ. ಸಾವಕಾರರು ನೋಡಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 16, ಬುಧವಾರ

ಕ್ಯಾನ್ಸರ್ ಇದೆ.

ಡಾಕ್ಟರು ಸುತ್ತಿ ಬಳಸದೆ ಹೇಳಿದರು. ರಾಮಕ್ಕ ಡಾಕ್ಟರ ಬಾಯಿಯನ್ನೇ ನೋಡುತ್ತಿದ್ದರು. ಸಾವಕಾರರು ಮೇಜಿನ ಮೇಲಿದ್ದ ಪೇಪರ್‌ವೆಯ್ಟ್ ತಿರುಗಿಸಿದರು, ಲೇತಿನಲ್ಲಿ ಕೆಲಸ ಸರಿಯಾಗಿದೆಯೋ ಎಂದು ನೋಡುವ ಹಾಗೆ.

"ಗುರಿಯಿಟ್ಟು ತೆಗೆದ ಚೂರುಗಳಲ್ಲಿ ಮಾತ್ರ ಇದೆ. ಬೇರೆ ಕಡೆ ತೆಗೆದದ್ದರಲ್ಲಿ ಇಲ್ಲ. ಗ್ರಂಥಿಯ ಹೊರಗೆ ದಾಟಿರೋ ಹಾಗೆ ಸ್ಕ್ಯಾನಲ್ಲೂ ಕಾಣ್ತಿಲ್ಲ. ಆಪರೇಷನ್ ಮಾಡಿ ತೆಗೀಬಹುದು, ಅಥವಾ ರೇಡಿಯೇಷನ್ ಕೊಡಬಹುದು. ಬೇಗ ಸಿಕ್ಕಿದೆ ಆವಲಪ್ಪನವರೇ. ವಾಸಿ ಮಾಡೋ ಉದ್ದೇಶದಿಂದಲೇ ಮಾಡ್ತೀವಿ."

"ಆಪರೇಷನ್ ಆದ್ಮೇಲೆ ಉಚ್ಚೆ ಸರಿಯಾಗ್ ಬತ್ತದಾ?"

"ಬರುತ್ತೆ. ಮೊದಲು ಕೆಲವು ದಿನ ತಡೆಯೋಕಾಗದೆ ಸೋರಬಹುದು. ನಿಧಾನಕ್ಕೆ ಹಿಡಿತಕ್ಕೆ ಬರುತ್ತೆ."

ಸಾವಕಾರರು ಯೋಚಿಸಿದರು. "ಈಗ ಬರಾಕಿಲ್ಲ, ಆಮೇಲೆ ನಿಲ್ಲಾಕಿಲ್ಲ. ಒಳ್ಳೇ ಬೀದಿ ನಲ್ಲಿ ಆಯ್ತಲ್ಲಮ್ಮ ನಂದು."

ಮೊದಲು ನಕ್ಕದ್ದು ಡಾಕ್ಟರು.

ರಾಮಕ್ಕನನ್ನು, ಆಸ್ಪತ್ರೆಗೆ ಬಂದಿದ್ದ ಮಗಳ ಜೊತೆ ಆಟೋ ಹತ್ತಿಸಿ, ಸಾವಕಾರರು ನನ್ನ ಗಾಡಿ ಹತ್ತಿದರು. ಇವತ್ತು ಕಂಬಿ ಹಿಡಿಯಲಿಲ್ಲ, ನನ್ನ ಹೆಗಲ ಮೇಲೆ ಕೈ ಇಟ್ಟರು. ಜಾಲಹಳ್ಳಿ ಕ್ರಾಸ್ ಸಿಗ್ನಲ್ಲಿನಲ್ಲಿ ಕೇಳಿದರು, "ಭಾರ ಆಯ್ತದೇನ್ಲಾ?"

ಇಲ್ಲ ಅಂದೆ. ಆಗುತ್ತಿತ್ತು.

ಜುಲೈ 17, ಗುರುವಾರ

ಬೆಳಿಗ್ಗೆ ಬಂದವರೇ ಕಂಪ್ರೆಸರ್ ಆಫ್ ಮಾಡಿದರು. "ಸೋಮ, ಲೇತ್ ನಿಲ್ಸು" ಅಂದರು. ಪಕ್ಕದಲ್ಲಿ ಲೋಹಕ್ಕೆ ಬಣ್ಣ ಕೂರಿಸುವ ಪೌಡರ್ ಕೋಟಿಂಗ್ ಶೆಡ್ಡಿನ ಚಿನ್ನಪ್ಪ ಟೀ ಗ್ಲಾಸು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಗೇಟಿನ ವಾಚ್‌ಮನ್ ಭರಮಪ್ಪನೂ ಬೀಡಿಗೆ ಬೆಂಕಿ ಕೇಳಲು ಬಂದಿದ್ದ. ಶೆಡ್ಡು ಇಷ್ಟು ಸುಮ್ಮನಿದ್ದದ್ದನ್ನು ನಾನು ಕೇಳಿಯೇ ಇಲ್ಲ.

"ನಂಗೆ ಕ್ಯಾನ್ಸರ್ ಐತೆ. ಉಚ್ಚೆ ಓಗೋ ಜಾಗದ ಪಕ್ಕ. ಆಪರೇಷನ್ ಮಾಡಿಸ್ಕೊಂತೀನಿ. ನಗೋರು ಈಗ್ಲೇ ನಕ್ಬುಡಿ, ಆಮೇಲೆ ಕೆಲ್ಸ ಕೆಡ್ತದೆ."

ಯಾರೂ ನಗಲಿಲ್ಲ.

ಸೋಮಪ್ಪ ಲೇತಿನ ಹಿಡಿ ಹಿಡಿದುಕೊಂಡು ಕೇಳಿದ, "ಯಾವಾಗಿಂದ ಯಜಮಾನ್ರೇ?"

"ಯಾವನಿಗ್ ಗೊತ್ತು? ವರ್ಷದ ಮೇಲಾಯ್ತು ಸರಿಯಾಗ್ ಬರದೆ. ನೀನು ಮೋಟ್ರು ಓಡ್ತೈತಾ ಅಂತ ಕೂಗ್ದಾಗೆಲ್ಲಾ ಒಳಗೆ ನಿಂತ್ಕಂಡು ಗೋಡೆಗೆ ತಲೆ ಇಟ್ಟಿರ್ತಿದ್ದೆ. ಎಂಡ್ತಿಗ್ ಏಳ್ನಿಲ್ಲ. ನಾಚ್ಕೆ. ಆ ಡಾಕ್ಟ್ರಮ್ಮ ಏಳುದ್ಲು, ಇನ್ನೊಂದ್ ವರ್ಷ ನಾಚ್ಕಂಡಿದ್ರೆ ಅದು ಆಚೆ ದಾಟ್ಬುಡ್ತಿತ್ತೇನೋ ಅಂತ." ಕಂಪ್ರೆಸರಿನ ಸ್ವಿಚ್ಚಿಗೆ ಕೈ ಹಾಕಿದರು. "ಅಷ್ಟೇ. ನಡೀರಿ."

ಸ್ವಿಚ್ ಒತ್ತಿದರು. ಎಲ್ಲರೂ ಕೆಲಸಕ್ಕೆ ಹೋದರು.

ಜುಲೈ 18, ಶುಕ್ರವಾರ

ಆಪರೇಷನ್ ಈ ತಿಂಗಳ ಮೂವತ್ತಕ್ಕೆ. ಸಾವಕಾರರು ಆಸ್ಪತ್ರೆಯಲ್ಲಿರುವಾಗ ಆರ್ಡರ್ ಯಾವುದು ಮೊದಲು, ಯಾವುದು ಆಮೇಲೆ ಎಂದು ನನಗೆ ಹೇಳಿಕೊಡುತ್ತಿದ್ದಾರೆ. ಒಂದು ಮಾತು ಹೇಳುತ್ತಾರೆ, ಮೂರು ಬೈಯುತ್ತಾರೆ. ದನಿ ಸರಿಹೋಗಿದೆ.

ಬೆಳಿಗ್ಗೆ ಸೋಮಪ್ಪ ಸುಮ್ಮನೆ ನನ್ನ ಮಿಷಿನ್ ಹತ್ತಿರ ಬಂದ. ಬಿಟ್ಟೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಲೇತಿನವನಿಗೆ ಡ್ರಿಲ್ ಬಿಟ್ಟಿನ ಚಿಂತೆ ಯಾಕೆ?

"ಆ ಡಾಕ್ಟ್ರಮ್ಮ ಶನಿವಾರ ಇರ್ತಾರಾ?"

"ಇರ್ತಾರಣ್ಣ."

"ಹೆಂಗ್ಸೇ ಅಲ್ವಾ?"

"ಹೆಂಗ್ಸೇ."

ಬಿಟ್ಟನ್ನು ಇಟ್ಟ. ಎತ್ತಿದ. ಮತ್ತೆ ಇಟ್ಟ. "ನಂಗೇನಿಲ್ಲ ಕಣೋ. ಸುಮ್ನೆ ಕೇಳ್ದೆ. ಮೂರ್ನಾಕ್ ಸಲ ಏಳ್ತೀನಿ ರಾತ್ರಿ. ನೀರ್ ಜಾಸ್ತಿ ಕುಡೀತೀನಲ್ಲ, ಅದ್ಕಿರ್ಬೇಕು."

"ಇರ್ಬೇಕಣ್ಣ. ಹೆಚ್ಚಿನವ್ರಿಗೆ ಏನೂ ಇರಂಗಿಲ್ಲಂತ. ತೋರ್ಸಿದ್ರ ತಿಳೀತದ."

ಊಟದ ಹೊತ್ತಿಗೆ ಚಿನ್ನಪ್ಪ ಬಂದು, ಯಾವುದೋ ಹ್ಯಾಂಡಲಿಗೆ ಕೋಟಿಂಗ್ ಬೇಕಿತ್ತಲ್ಲಾ ಎಂದು ಕೇಳಿದರು. ನಾವು ಹ್ಯಾಂಡಲ್ ಮಾಡುವುದಿಲ್ಲ. ಸಂಜೆ ಭರಮಪ್ಪ ಗೇಟು ಬಿಟ್ಟು ಬಂದು ನನ್ನ ಹಿಂದೆ ನಿಂತ, ಬೆಂಕಿಪೊಟ್ಟಣ ಅವನ ಕೈಯಲ್ಲೇ ಇತ್ತು. ಇಬ್ಬರಿಗೂ ಅದೇ ಹೇಳಿದೆ. ಸಾವಕಾರರು ಕುರ್ಚಿಯಲ್ಲಿ ಕೂತೇ ಇದನ್ನೆಲ್ಲ ನೋಡುತ್ತಿದ್ದರು. ಕೊನೆಗೆ ಇಡೀ ಗಲ್ಲಿಗೆ ಕೇಳುವ ಹಾಗೆ ಕೂಗಿದರು:

"ಗ್ಲೌಸ್ ಆಕ್ಕೊಂಡೇ ನೋಡೋದು ಕಣ್ರಲಾ, ಯಾಕಂಗ್ ಎದ್ರುಕೊಂತೀರಾ? ನಾನೇ ಸಾಯ್ನಿಲ್ಲ!"

ನಾಳೆ ಮೂವರೂ ತಿಂಡಿಗೆ ಮುಂಚೆ ಗೇಟಿನ ಹತ್ತಿರ ಬರಬೇಕು. ಒಬ್ಬರಿಗೊಬ್ಬರು ಗೊತ್ತಾಗಬಾರದು ಎಂದು ಮೂವರೂ ಬೇರೆ ಬೇರೆಯಾಗಿ ಕೇಳಿಕೊಂಡಿದ್ದಾರೆ. ಗಾಡಿಯಲ್ಲಿ ಆಗುವುದಿಲ್ಲ, ಆಟೋ ಹೇಳಬೇಕು. ಯಾವನಾದರೂ ತಾಳ್ಮೆಯವನು ಸಿಗಬೇಕು. ದಾರಿಯಲ್ಲಿ ಕೇಳಿದ ಕಡೆಯಲ್ಲೆಲ್ಲ ನಿಲ್ಲಿಸುವಂಥವನು.